ಗೋಡೆಗೆ ಮುಖ ಮಾಡಿ ಕೂತವರು

ಲಗಮಣ್ಣ: ಬಿಚ್ಚಂದ್ರ ಬಿಚ್ಚಲೇ ಮಾಯಪ್ಪ. ಒಂದ ತಗಡೂ ಗೋಡಿ ಮ್ಯಾಲ ಉಳಿಬಾರ್ದು.

ಮಾಯಪ್ಪ: ಹೊಳಪ ಕಡಿಮಿ ಆಗೇತೇನ್ರಿ ಸಾವ್ಕಾರ್ರ? ಇನ್ನೊಮ್ಮಿ ಪಾಲಿಶ್ ಹೊಡೀತೀನಿ.

ಲಗಮಣ್ಣ: ಹೊಳಪ ಹೆಚ್ಚಾಗೇ ನನ್ನ ಮನಿ ಹಾಳಾಗೇತಿ.

ಲಗಮಣ್ಣ ದ್ರಾಕ್ಷಿ ಬೆಳೆದ ದುಡ್ಡಿನಲ್ಲಿ ಐನಾಪುರದಲ್ಲಿ ಬಾರ್ ತೆರೆದಿದ್ದ. ಕೊಲ್ಹಾಪುರದ ಹೋಟೆಲೊಂದರ ಸ್ಟೀಲಿನ ಗೋಡೆ ಕಂಡು ಬಂದ ಮೇಲೆ ಅವನಿಗೆ ನಿದ್ದೆ ಹತ್ತಲಿಲ್ಲ. ವೆಲ್ಡಿಂಗ್ ಅಂಗಡಿಯ ಮಾಯಪ್ಪ ಗೋಡೆ ತುಂಬ ಕನ್ನಡಿಯಂಥ ತಗಡು ಹೊದಿಸಿ, ನಡುವೆ ಊಟದ ಸ್ಟೀಲ್ ತಾಟು ಜೋಡಿಸಿ ಸೂರ್ಯನನ್ನು ಮೂಡಿಸಿದ. ಸೂರ್ಯ ಮೂಡಿದ್ದೇ ಗಿರಾಕಿಗಳು ಮುಳುಗಿದರು.

ಮಾಯಪ್ಪ: ಕೊಲ್ಹಾಪುರದಾಗ ಇಂಥಾ ಗೋಡಿ ಮುಂದ ಕುಂತು ಫೋಟೋ ತಗಸ್ತಾರ್ರಿ.

ಲಗಮಣ್ಣ: ಅಲ್ಲಿ ಮಂದಿ ಕಾಣಿಸ್ಕೊಳ್ಳಾಕ ಕುಡೀತಾರ. ನಮ್ಮವ್ರು ಕಾಣಬಾರ್ದಂತ ಗೋಡಿಗಿ ಮಾರಿ ಮಾಡಿ ಕುಡೀತಾರ. ಹಿಂದಿಂದ ನೋಡಿದ್ರ ಎಲ್ಲಾರ್ದೂ ಒಂದ ನಮೂನಿ ಬಿಳಿ ಟೊಪಗಿ. ಈಗ ಗೋಡಿನ ಮಾರಿ ತೋರಸಾಕತ್ತೈತಿ. ಹೋದ ವಾರ ಧರೆಪ್ಪಣ್ಣ ಗ್ಲಾಸ್ ಎತ್ತಿದಾ, ತಗಡಿನ್ಯಾಗ ನೋಡಿದ್ರ ಹಿಂದ ಅಳಿಯಾ ಸತ್ತೆಪ್ಪನೂ ಎತ್ಯಾನ. ಒಬ್ಬಾಂವ ಮುಂಬಾಗಲದಿಂದ, ಒಬ್ಬಾಂವ ಹಿಂಬಾಗಲದಿಂದ ಓಡಿದ್ರು.

ಮಾಯಪ್ಪ: ಅಷ್ಟ ದೂರದಿಂದ ಗುರ್ತ ಹತ್ತೇತಿ ಅಂದ್ರ ಕೆಲಸ ಪಕ್ಕಾ ಆಗೇತಿ ಅಂದಂಗಾತಲ್ರಿ.

ಲಗಮಣ್ಣ: ಗಿರಾಕಿ ಎಲ್ಲಾ ಉಗಾರದ ಬಾರಿಗಿ ಹೊಂಟಾರಲೇ. ಅಲ್ಲಿ ಬರೇ ಸುಣ್ಣದ ಗೋಡಿ ಐತಿ. ಹಿಂಗಾದ್ರ ದೀಪಾವಳಿಗಿ ನಾ ಬಾಗಲಾ ಹಾಕೂದ.

ಮಾಯಪ್ಪ ಸ್ಟೂಲು ಹತ್ತಿದ. ಹೆತ್ತ ಮಗುವಿನ ಜುಟ್ಟು ಹಿಡಿದವನಂತೆ ಸೂರ್ಯನ ಮೊದಲ ತಾಟಿಗೆ ಕೈ ಹಚ್ಚಿದ. ಅಷ್ಟರಲ್ಲಿ ಧರೆಪ್ಪ ಬಂದು, ಅತ್ತಿತ್ತ ನೋಡದೆ ಮುಂದಿನ ಮೇಜಿಗೆ ಗೋಡೆಯ ಕಡೆ ಮುಖ ಮಾಡಿ ಕೂತ. ಸ್ವಲ್ಪ ಹೊತ್ತಿಗೆ ಸತ್ತೆಪ್ಪನೂ ಬಂದು ಹಿಂದಿನ ಮೇಜಿಗೆ ಕೂತ. ಇಬ್ಬರ ಮುಂದೂ ಗ್ಲಾಸು ಬಂತು. ತಗಡಿನಲ್ಲಿ ನಾಲ್ಕು ಕಣ್ಣು ಕೂಡಿದವು.

ಮಾಯಪ್ಪ (ಮೆಲ್ಲಗೆ): ತಗೀಲೇನ್ರಿ?

ಲಗಮಣ್ಣ: ಅಲ್ಲಾಡಬ್ಯಾಡ. ಹಂಗ ನಿಂದ್ರ.

ಧರೆಪ್ಪ (ತಗಡಿಗೆ): ಏ ತಮ್ಮಾ, ತಗಡಿನ್ಯಾಗ ಕುಂತಾಂವ. ಹಿರ್ಯಾರ ಎದುರ ಕುಂತು ಕುಡದ್ರ ತಪ್ಪು, ಹೌದಲ್ಲೋ?

ಸತ್ತೆಪ್ಪ: ಹೌದ್ರಿ, ಭಾಳ ತಪ್ಪು.

ಧರೆಪ್ಪ: ಈಗ ನಿನ್ನ ಎದುರ ನನ್ನ ಬೆನ್ನ ಐತಿ. ನನ್ನ ಎದುರ ತಗಡ ಐತಿ. ಹಿರ್ಯಾರು ಯಾರರ ಅದಾರೇನು?

ಸತ್ತೆಪ್ಪ: ಯಾರೂ ಕಾಣಂಗಿಲ್ರಿ ತಗಡಿನ ಯಜಮಾನ್ರ.

ಧರೆಪ್ಪ: ಹಂಗಾರ ಎತ್ತ. ಉಗಾರದ ತನಕ ಸೈಕಲ್ ತುಳದ ನನ್ನ ಮಣಕಾಲ ಹೋಗ್ಯಾವ.

ಸತ್ತೆಪ್ಪ: ನಾನೂ ದಿನಾ ಅಲ್ಲಿಗೇ ಹೋಗತಿದ್ನಿರಿ. ಬಾಗಲದಾಗ ನಿಮ್ಮ ಸೈಕಲ್ ನೋಡಿ ಹಂಗ ಹೊಳ್ಳಿ ಬರ್ತಿದ್ನಿ.

ಧರೆಪ್ಪ ತನ್ನ ಗ್ಲಾಸನ್ನು ತಗಡಿನೊಳಗಿನ ಸತ್ತೆಪ್ಪನ ಗ್ಲಾಸಿಗೆ ತಾಗಿಸಿದ. ಟಿಣ್ ಎಂದಿತು. ಲಗಮಣ್ಣನ ಎದೆ ತಂಪಾಯಿತು.

ಲಗಮಣ್ಣ: ಇಳೀಯೋ ಮಾಯಪ್ಪ. ಆ ಕಡಿ ಗೋಡಿಗೂ ಅಳತಿ ತಗೋ.

ಎರಡನೆಯ ಗ್ಲಾಸು ಮುಗಿಸಿ ಧರೆಪ್ಪ ಎದ್ದು ತಿರುಗಿದ. ಸತ್ತೆಪ್ಪ ತಟ್ಟನೆ ಎದ್ದು ನಿಂತ. ಈಗ ಮಾವ ಅಳಿಯ ನಿಜವಾಗಿಯೂ ಎದುರುಬದುರು.

ಧರೆಪ್ಪ: ಏನ್ರೀ ಅಳ್ಯಾರ, ಯಾವಾಗ ಬಂದ್ರಿ?

ಸತ್ತೆಪ್ಪ: ಈಗ ಬಂದೇನ್ರಿ ಮಾವಾರ. ಸೋಡಾ ಸಿಗತೈತೇನು ಅಂತ.

ಧರೆಪ್ಪ: ಸೋಡಾಕಾದ್ರೂ ಇಂಥಲ್ಲಿ ಬರಬಾರ್ದ್ರಿ. ಯಾರರ ನೋಡಿದ್ರ ಏನ ತಿಳಕೊಂಡಾರು?