ಬೀಡಿ ಬಿಟ್ಟವನೊಬ್ಬ ಬೇಕಾಗಿದ್ದಾನೆ

ಜನರ ಕೈಯಿಂದ ಬೀಡಿ ಬಿಡಿಸಲು ಹೊರಟವನಿಗೆ ಗಂಭೀರವಾದ ದಿನವೆಂಬುದು ಒದಗುವುದೇ ಇಲ್ಲ. ಮನೆಯಿಂದ ಎಷ್ಟೇ ಬಿಗಿಮುಖ ಹೊತ್ತು ಹೊರಟರೂ ಸಂಜೆಯೊಳಗೆ ಯಾರಾದರೊಬ್ಬರು ಅದನ್ನು ಕಳಚಿ ಕೈಗೆ ಕೊಟ್ಟಿರುತ್ತಾರೆ.

ತೊಂಬತ್ತರ ದಶಕ ಮುಗಿಯುತ್ತಿತ್ತು. ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿದ್ದೆ, ಲೋಕ ಅದನ್ನಿನ್ನೂ ಗಮನಿಸಿರಲಿಲ್ಲವಾದ್ದರಿಂದ ಲೋಕದ ಮೇಲೆ ಸಕಾರಣವಾದ ಸಿಟ್ಟನ್ನು ಇಟ್ಟುಕೊಂಡಿದ್ದೆ. ಆಗ ದೊರೆತದ್ದು ಒಂದು ತಾತ್ಕಾಲಿಕ ಕೆಲಸ: ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಜನ ಏಕೆ ಸೇದುತ್ತಾರೆಂದು ಕೇಳಿ ತಿಳಿಯುವುದು, ಸಾಧ್ಯವಾದರೆ ಬಿಡಿಸುವುದು. ಈ ಸಂಶೋಧನೆಯ ಮುಖ್ಯಸ್ಥರಾದ ಡಾಕ್ಟರು ಇದೇ ಸೀಮೆಯವರು. ಮೊದಲ ದಿನವೇ ಅವರು ಷರತ್ತು ಹಾಕಿದರು:

"ಹುಕ್ಕೇರಿ ಸಮಾರೋಪ ಸಭಾದಾಗ ಬಿಟ್ಟಾವ ಒಬ್ಬನ್ನರ ವೇದಿಕಿ ಮ್ಯಾಲ ನಿಲ್ಲಸ್ರಿ. ನಿಮ್ಮ ನೌಕರಿ ಮುಂದುವರಸೋಣು. ಇಲ್ಲಂದ್ರ ನಿಮಗೂ ಸಮಾರೋಪ."

ಇಷ್ಟು ದೊಡ್ಡ ಸೀಮೆಯಲ್ಲಿ ಒಬ್ಬ! ನಾನು ತಾತ್ಸಾರದಿಂದ ನಕ್ಕೆ. ಆ ನಗೆ ನನ್ನ ವಿದ್ಯೆಯದು, ಅನುಭವದ್ದಲ್ಲ.

ಗೋಕಾಕ: ಒಂದು ಪ್ರಶ್ನೆಯ ಪರಿಣಾಮ

ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಹಿರಿಯರೊಬ್ಬರು ಶಾಂತವಾಗಿ ಕುಳಿತಿದ್ದರು. ಸಂಶೋಧನೆ ಅಲ್ಲಿಂದ ಆರಂಭವಾಯಿತು.

"ತಮಗೆ ಧೂಮಪಾನದ ಬಯಕೆ ಯಾವ ಸಂದರ್ಭದಲ್ಲಿ ಉಂಟಾಗುತ್ತದೆ?"

"ಆಂ?"

"ಸೇದಬೇಕು ಅಂತ ಯಾವಾಗ ಅನಸ್ತೈತ್ರಿ?"

"ಈಗ ಅನಸಾಕತ್ತೈತಿ ನೋಡ್ರಿ," ಎಂದು ಅವರು ಬೀಡಿ ಹೊತ್ತಿಸಿದರು. "ಮುಂಜಾನಿಂದ ನೆನಪಽ ಇರಲಿಲ್ಲ. ನಿಮಗ ಪುಣ್ಯಾ ಬರಲಿ."

ಎದೆಗುಂದದೆ, ಜೀವನದ ಮೊದಲ ಬೀಡಿಯ ಅನುಭವವನ್ನು ವಿವರಿಸಲು ಕೇಳಿದೆ. ಅವರು ಎಷ್ಟು ರಸವತ್ತಾಗಿ ವಿವರಿಸಿದರೆಂದರೆ, ಬೆಂಚಿನ ಮೇಲಿದ್ದವರೆಲ್ಲ ಒಬ್ಬರ ಕಡ್ಡಿಯಿಂದೊಬ್ಬರು ಹೊತ್ತಿಸಿಕೊಂಡರು. ಬರೀ ಚಹಾಕ್ಕೆ ಬಂದಿದ್ದವನೊಬ್ಬ, "ನನಗೂ ಒಂದು ಕೊಡ್ರಿ, ಹೆಂಗಿರತೈತಿ ನೋಡೂನು" ಎಂದ. ಹೊಗೆಯ ನಡುವೆ ದಾರಿ ಹುಡುಕುತ್ತ ಹೊರಗೆ ಬಂದೆ. ಬಾಜೂ ಪಾನಪಟ್ಟಿ ಅಂಗಡಿಯವನು ಎದ್ದು ನಿಂತು ಕೈ ಮುಗಿದ.

"ಸಾಹೇಬ್ರ, ನಾಳೆ ಎಷ್ಟೊತ್ತಿಗೆ ಬರತೀರಿ? ಮಾಲು ಜಾಸ್ತಿ ತರಸಬೇಕು."

ಮಸಗುಪ್ಪಿ: ಗೆಲುವು ಮತ್ತು ಗೃಹಿಣಿ

ಮೂಡಲಗಿಯ ಬಳಿಯ ಮಸಗುಪ್ಪಿಯಲ್ಲಿ ನನಗೆ ನಿಜವಾದ ಗೆಲುವು ದೊರೆಯಿತು. ಒಬ್ಬ ರೈತ ನನ್ನ ಮಾತಿಗೆ ಒಪ್ಪಿ ಬೀಡಿಯನ್ನು ನಿಶ್ಶೇಷವಾಗಿ ಬಿಟ್ಟ. ವೇದಿಕೆಯ ಮೇಲೆ ಅವನನ್ನು ಯಾವ ಕಡೆ ನಿಲ್ಲಿಸಬೇಕೆಂಬುದನ್ನೂ ಮನಸ್ಸಿನಲ್ಲೇ ನಿರ್ಧರಿಸಿಬಿಟ್ಟೆ. ಮುಂದಿನ ವಾರ ಹೋದಾಗ ಅವನ ಹೆಂಡತಿ ಬಾಗಿಲಲ್ಲೇ ತಡೆದಳು.

"ಯಣ್ಣಾ, ನಾ ನಿಮಗೇನ ಕೇಡ ಮಾಡಿದ್ದೆ?"

"ಯಾಕ್ರೀ ಅಕ್ಕಾರ, ಬಿಟ್ಟಾರಲ್ಲ?"

"ಬಿಟ್ಟಾರ. ಅದಕ್ಕಽ ಹೇಳಾಕತ್ತೇನಿ. ಮೊದಲ ಬೀಡಿ ಸೇದಾಕ ಊರ ಕಟ್ಟಿ ಮ್ಯಾಲ ಹೋಗಿ ಕುಂದರತಿದ್ರು, ತಾಸಗಟ್ಟಲೆ ಬರತಿರಲಿಲ್ಲ. ಈಗ ಒಲಿ ಮುಂದ ಕುಂದರತಾರ. ರೊಟ್ಟಿ ದಪ್ಪಾತು, ಪಲ್ಯಾಕ ಖಾರ ಸಾಲದಾತು, ಅಷ್ಟ್ಯಾಕ ಎಣ್ಣಿ ಹಾಕತಿ ಅಂತಾರ. ನಮ್ಮ ಅತ್ತಿನೂ ಇಷ್ಟ ಕಾಡಿರಲಿಲ್ರಿ!"

ಒಳಗಿನಿಂದ ದನಿ ಬಂತು: "ಯಾರದು? ಬಾಗಲದಾಗ ನಿಂತು ಮಾತಾಡಬ್ಯಾಡ, ಅನ್ನ ಹೊತ್ತೀತು!"

ಆಕೆ ಸೆರಗಿನೊಳಗಿನಿಂದ ಹೊಸ ಬೀಡಿ ಕಟ್ಟು ಮತ್ತು ಕಡ್ಡಿಪೆಟ್ಟಿಗೆ ತೆಗೆದು ನನ್ನ ಕೈಗಿತ್ತಳು.

"ನೀವು ಹೇಳಿದ್ರ ಕೇಳತಾರ. ನೀವಽ ಕೊಡ್ರಿ."

ಸಂಕೇಶ್ವರ: ನೇಮದ ಗಡಿ

ಸಂಕೇಶ್ವರದಲ್ಲಿ ಒಬ್ಬ ಜೈನ ವ್ಯಾಪಾರಿ ಇದ್ದರು. ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ, ಸಿಗರೇಟು ಸೇದುವಾಗ ಮೌನ. ಚಾತುರ್ಮಾಸದಲ್ಲಿ ನೇಮ ಹಿಡಿಯುವುದು ಅವರ ಮನೆತನದ ಪದ್ಧತಿ. ನಾನು ಇದನ್ನೇ ಹಿಡಿದು, ಸಿಗರೇಟಿಗೂ ಒಂದು ನೇಮ ಮಾಡಿರೆಂದೆ. ಅವರು ಕಣ್ಣು ಮುಚ್ಚಿ, ಸ್ವಲ್ಪ ಯೋಚಿಸಿ, ಒಪ್ಪಿಕೊಂಡರು. ಅಂಥ ಮನೆತನದವರು ಮಾತು ಮುರಿಯುವುದಿಲ್ಲ, ನಾನು ನಿಶ್ಚಿಂತನಾದೆ.

ಒಂದು ಮಧ್ಯಾಹ್ನ ಬಸ್ಸು ಹಿರಣ್ಯಕೇಶಿಯ ಸೇತುವೆ ದಾಟುತ್ತಿದ್ದಾಗ ಊರಾಚೆ ದಂಡೆಯ ಮೇಲೆ ಅವರೇ ನಿಂತಿದ್ದರು, ಬಾಯಲ್ಲಿ ಸಿಗರೇಟು. ಇಳಿದು ಓಡಿದೆ.

"ಶೇಠರ, ನೇಮ?"

"ಖಡಕ್ ನಡದೈತ್ರಿ," ಎಂದರು ನೊಂದ ದನಿಯಲ್ಲಿ. "ಸಂಕೇಶ್ವರ ಹದ್ದಿನೊಳಗ ಸೇದೂದಿಲ್ಲ ಅಂತ ನೇಮ. ಒಂದ ಸಿಗರೇಟಿಗೆ ಇಷ್ಟ ದೂರ ನಡಕೋತ ಬರತೇನಿ. ಮುರದಿದ್ರ ಕೇಳ್ರಿ!"

ಕಾಲಿಗೆ ಬೀಳುವ ದನಿಯಲ್ಲಿ, ಹುಕ್ಕೇರಿಯ ಸಭೆಗೆ ಮಾತ್ರ ಬನ್ನಿರೆಂದೆ.

"ಹುಕ್ಕೇರ್ಯಾಗ ನನ್ನ ನೇಮ ನಡಿಯೂದಿಲ್ರಿ. ಸಭಾ ಸಂಕೇಶ್ವರದಾಗ ಇಡ್ರಿ, ನಾನಽ ಅಧ್ಯಕ್ಷ ಆಗತೇನಿ."

ಯಮಕನಮರಡಿ: ಔಷಧ

ಸಭೆ ಹತ್ತಿರವಾಯಿತು; ಮಸಗುಪ್ಪಿಯ ರೈತ ಮರಳಿ ಕಟ್ಟೆ ಸೇರಿದ್ದ, ನನ್ನಲ್ಲಿ ಒಬ್ಬನೂ ಇರಲಿಲ್ಲ. ಆಗ ಯಮಕನಮರಡಿಯ ಟೆಂಪೊ ಚಾಲಕನೊಬ್ಬ ಬೀಡಿ ಬಿಟ್ಟನೆಂಬ ಸುದ್ದಿ ಬಂತು. ಅವನು ತನ್ನ ಗಾಡಿಯ ಎಂಜಿನ್ನಿಗಿಂತ ಹೆಚ್ಚು ಹೊಗೆ ಬಿಡುತ್ತಾನೆಂದು ಹೆದ್ದಾರಿಯಲ್ಲಿ ಪ್ರಸಿದ್ಧಿ. ಓಡಿದೆ. ಟೆಂಪೊದಲ್ಲಿ ಅವನ ಪಕ್ಕ ಬಿಳಿ ಟೋಪಿಯ ವೃದ್ಧರು ಕುಳಿತಿದ್ದರು: ಅವನ ತಂದೆ, ನಿವೃತ್ತ ಶಾಲಾ ಮಾಸ್ತರರು. ಮಗನ ಮನೆಗೆ ಬಂದವರು, ಹೊತ್ತು ಹೋಗದೆ ದಿನವೂ ಗಾಡಿ ಹತ್ತುತ್ತಿದ್ದರು. ನಮ್ಮ ಕಡೆ ಮೀಸೆ ನರೆತವನೂ ಹಿರಿಯರೆದುರು ಸೇದುವುದಿಲ್ಲ.

ಚಾಲಕ ನನ್ನನ್ನು ಗಾಡಿಯ ಹಿಂದೆ ಎಳೆದೊಯ್ದ. "ಅಪ್ಪ ಬಂದಾಗಿಂದ ಒಂದೂ ಜಗ್ಗಿಲ್ರಿ ಸರ. ಜೀವ ಗಂಟಲಕ್ಕ ಬಂದೈತಿ. ಏನರ ಔಷಧ ಕೊಡ್ರಿ."

ನಾನು ನೇರವಾಗಿ ಮಾಸ್ತರರ ಬಳಿ ಹೋಗಿ, ಸಭೆ ಮುಗಿಯುವ ತನಕ ಮಗನ ಪಕ್ಕದಿಂದ ಏಳಬಾರದೆಂದು ವಿನಂತಿಸಿದೆ. ಏಕೋ ಅವರ ಮುಖವೂ ಬಾಡಿತು. ಮಗನಂತೂ ತಲೆಗೆ ಕೈ ಹಚ್ಚಿದ.

"ಔಷಧ ಕೇಳಿದ್ರ ನಮ್ಮಪ್ಪಂದಽ ಡೋಸ್ ಹೆಚ್ಚ ಮಾಡಿದ್ರಲ್ರಿ!"

ಹುಕ್ಕೇರಿ: ಸಮಾರೋಪ

ಸಭೆ ಇನ್ನೇನು ಆರಂಭವಾಗಬೇಕು. ನಾನು ಕರೆತಂದಿದ್ದ ತಂದೆ ಮಗ ಇಬ್ಬರೂ ಕಾಣೆ. ಹುಡುಕುತ್ತ ಸಭಾಭವನದ ಹಿಂದೆ ಹೋದೆ. ಗೋಡೆಗೆ ಒರಗಿ ಮಾಸ್ತರರು ಬೀಡಿ ಸೇದುತ್ತಿದ್ದರು.

"ಮಗನ ಮುಂದ ಹೆಂಗ ಸೇದ್ಲಿ ತಮ್ಮಾ? ಸೇದಬ್ಯಾಡ ಅಂತ ಅಂವಗ ಬಡದು ಬೆಳಸೇನಿ. ಟೆಂಪೊದಾಗ ಕುಂತು ಕುಂತು ಸಾಯಾಕತ್ತಿದ್ದೆ."

ಅಷ್ಟರಲ್ಲಿ ಎಡಮೂಲೆಯಿಂದ ಮಗ ಬಂದ, ಕೈಯಲ್ಲಿ ಉರಿಯುವ ಬೀಡಿ. ಬಲಮೂಲೆಯಿಂದ ನಮ್ಮ ಡಾಕ್ಟರು ಬಂದರು, ಬಾಯಲ್ಲಿ ಉರಿಯುವ ಸಿಗರೇಟು. ಒಂದೇ ಕ್ಷಣದಲ್ಲಿ ಮಾಸ್ತರರ ಕೈ ಬೆನ್ನ ಹಿಂದೆ ಹೋಯಿತು. ಮಗನ ಮುಷ್ಟಿ ಮುಚ್ಚಿತು. ಡಾಕ್ಟರ ಸಿಗರೇಟು ಕೋಟಿನ ಜೇಬು ಸೇರಿತು, ಅದರ ಹಿಂದೆಯೇ ಅವರ ಕೈಯೂ.

"ಗುರುಗಳ!" ಎಂದರು ಡಾಕ್ಟರು. ಅವರು ಮಾಸ್ತರರ ಶಿಷ್ಯರು.

"ಡಾಕ್ಟರಾದೆಪಾ! ಭಾಳ ಸಂತೋಷ," ಎಂದ ಮಾಸ್ತರರು ಮೂಗು ಅರಳಿಸಿದರು. "ಇಲ್ಲಿ ಯಾರೋ ಸೇದ್ಯಾರ."

"ಹೌದ್ರಿ ಗುರುಗಳ, ನನಗೂ ವಾಸನಿ ಬಂತು," ಎಂದರು ಡಾಕ್ಟರು. ಅವರ ಜೇಬಿನಿಂದ ಹೊಗೆ ಏಳುತ್ತಿತ್ತು.

"ಭಾಳ ಕೆಟ್ಟ ಚಟ ಅಪ್ಪಾ," ಎಂದ ಮಗ, ಅಂಗೈ ಸುಡುತ್ತಿದ್ದುದರಿಂದ ಒಂಟಿಗಾಲಲ್ಲಿ ಕುಣಿಯುತ್ತ.

ಮೂವರೂ ನನ್ನತ್ತ ತಿರುಗಿದರು. ಅಲ್ಲಿ ಎರಡೂ ಕೈ ಬರಿದಾಗಿ ಕಾಣುತ್ತಿದ್ದವನು ನಾನೊಬ್ಬನೇ. ಆದ್ದರಿಂದ, ಸೇದಿ ಎಸೆದವನು ನಾನೇ ಎಂಬುದು ತರ್ಕಬದ್ಧವಾಗಿ ಸಿದ್ಧವಾಯಿತು.

"ಬಿಡಸಾಕ ಬಂದಾವ ನೀನಽ ಸೇದತಿ?" ಮಾಸ್ತರರು ಗದರಿದರು.

ಸತ್ಯವನ್ನು ಹೇಳಬಹುದಿತ್ತು. ಆದರೆ ಡಾಕ್ಟರ ಕಣ್ಣುಗಳು ಅಂಗಲಾಚುತ್ತಿದ್ದವು; ಹೊಗೆಯಾಡುತ್ತಿದ್ದ ಆ ಜೇಬಿನೊಳಗೆ ನನ್ನ ನೌಕರಿಯೂ ಇತ್ತು.

"ತಪ್ಪಾತ್ರಿ ಗುರುಗಳ. ಈಗಿಂದೀಗ ಬಿಟ್ಟೆ."

"ಶಾಬಾಸ್!" ಎಂದರು ಮೂವರೂ.

"ಬಿಟ್ಟಾವ ಸಿಕ್ಕ! ನೀವಽ ವೇದಿಕಿ ಹತ್ರಿ, ನಿಮ್ಮ ನೌಕರಿ ಮುಂದುವರೀತು!" ಎಂದು ಕೂಗುತ್ತ ಡಾಕ್ಟರು ಜೇಬು ಹಿಡಿದು ನೀರಿನ ಗಡಿಗೆಯತ್ತ ಓಡಿದರು.

ಹೀಗೆ, ಹುಟ್ಟಿದಾಗಿನಿಂದ ಬೀಡಿ ಮುಟ್ಟದ ನನಗೆ ಬೀಡಿ ಬಿಟ್ಟದ್ದಕ್ಕಾಗಿ ಹಾರ ಬಿತ್ತು. ಸಭೆಯಲ್ಲೊಬ್ಬ ಎದ್ದು ಕೇಳಿದ: "ಬಿಟ್ಟ ಮ್ಯಾಲ ಮತ್ತ ಸೇದಬೇಕು ಅನಸಲಿಲ್ಲೇನ್ರಿ?"

ನಾನು ಕರಾರುವಾಕ್ಕಾಗಿ ಉತ್ತರಿಸಿದೆ: "ನನ್ನ ಜನ್ಮದಾಗ ಒಮ್ಮೆಯೂ ಅನಸಿಲ್ರಿ."

ಹಿಂದಿನ ಸಾಲಿನಲ್ಲಿ ಟೆಂಪೊ ಚಾಲಕ ಎದ್ದು ನಿಂತು, ಸುಟ್ಟ ಅಂಗೈಯಿಂದಲೇ ಚಪ್ಪಾಳೆ ತಟ್ಟಿದ.

"ನೋಡ್ರಿಪಾ, ಬಿಟ್ರ ಹಿಂಗ ಬಿಡಬೇಕು! ಮೊದಲ ಸೇದಿದ್ದನ್ನೂ ಬಿಟ್ಟಾನ!"