ಅತ್ತೆಯ ಮುಂದಿನ ಐವತ್ತು ವರ್ಷ

ಓದನ್ನು ಆಯಾ ವಯಸ್ಸಿನಲ್ಲೇ ಮುಗಿಸಿಕೊಂಡುಬಿಡಬೇಕು. ಸಂಸಾರದ ನಡುವೆ ಮತ್ತೆ ಪುಸ್ತಕ ಹಿಡಿದರೆ ಓದುವ ಕಷ್ಟಕ್ಕಿಂತ, ಏನು ಓದುತ್ತಿದ್ದೇನೆಂದು ನಾಲ್ಕು ಜನಕ್ಕೆ ಹೇಳುವ ಕಷ್ಟವೇ ದೊಡ್ಡದು. ನಲವತ್ತು ದಾಟಿದ ಮೇಲೆ, ಮಗಳು ಕಾಲೇಜು ಸೇರಿ ಹಾಸ್ಟೆಲಿಗೆ ಹೋದ ವರ್ಷ, ನಾನು ಕನ್ನಡ ಎಂ.ಎ.ಗೆ ಸೇರಿದೆ. ಗಂಗಾವತಿಯಿಂದ ದಿನಾ ಕೊಪ್ಪಳಕ್ಕೆ ಬಸ್ಸು. ಐಚ್ಛಿಕ ಪತ್ರಿಕೆ ಆರಿಸುವಾಗ ವಿಜ್ಞಾನ ಕಥಾ ಸಾಹಿತ್ಯ ಎಂದು ಗುರುತು ಹಾಕಿದೆ. ಗ್ರಹತಾರೆಗಳ ಮೋಹದಿಂದಲ್ಲ. ಜಾನಪದದ ತರಗತಿ ಮುಗಿಯುವಷ್ಟರಲ್ಲಿ ಊರಿನ ಬಸ್ಸು ಹೊರಟುಹೋಗುತ್ತಿತ್ತು, ಇದು ಅದಕ್ಕಿಂತ ಮುಂಚೆ ಮುಗಿಯುತ್ತಿತ್ತು. ದೊಡ್ಡ ದೊಡ್ಡವರ ಸಾಹಿತ್ಯಾಸಕ್ತಿಯ ಹಿಂದೆಯೂ ಇಂಥ ಬಸ್ಸುಗಳು ಇದ್ದಿರಬಹುದು, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ.

ಒಮ್ಮೆ ಬಸ್ಸಿನಲ್ಲಿ ಪಕ್ಕಕ್ಕೆ ಕೂತ, ಹುಲಿಗಿಗೆ ಹೊರಟಿದ್ದ ಹೆಂಗಸು ನನ್ನ ಪುಸ್ತಕ ನೋಡಿ ಏನು ಓದುತ್ತೀರಿ ಎಂದು ಕೇಳಿದಳು. ‘ಇನ್ನೂ ಆಗದ್ದನ್ನ ಆಗೇಬಿಟ್ಟೈತಿ ಅನ್ನೂಹಂಗ ಬರೀತಾರಲ್ರಿ, ಅಂಥಾ ಕಥಿ ಓದ್ತೀನಿ’ ಎಂದೆ. ಆಕೆ ಸ್ವಲ್ಪ ಯೋಚಿಸಿ, ‘ನಮ್ಮ ಓಣ್ಯಾಗ ಮಂದಿ ದಿನಾ ಅದನ್ನಽ ಮಾತಾಡ್ತಾರ. ಅದಕ್ಕ ಪರೀಕ್ಷಾ ಬ್ಯಾರೆ ಇಟ್ಟಾರೇನ್ರಿ?’ ಎಂದಳು. ನಾನು ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡೆ.

ಆದರೆ ಬಸ್ಸಿಗಾಗಿ ಹಿಡಿದ ಪತ್ರಿಕೆ ಬರುಬರುತ್ತ ನನ್ನನ್ನೇ ಹಿಡಿಯಿತು. ನಮ್ಮ ಮೇಷ್ಟ್ರು ನನಗಿಂತ ಚಿಕ್ಕವರು, ಆದರೆ ಪಾಠಕ್ಕೆ ನಿಂತರೆ ಊರ ಹಿರಿಯರ ಗತ್ತು. ‘ಭವಿಷ್ಯ ಬರೆಯುವವರಿಗೆ ದಾಕ್ಷಿಣ್ಯ ಇರಬಾರದು’ ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಆಂತರಿಕ ಅಂಕಗಳಿಗಾಗಿ ಎಲ್ಲರೂ ಒಂದೊಂದು ಕಥೆ ಬರೆಯಬೇಕು, ಐವತ್ತು ವರ್ಷದ ನಂತರದ ನಿಮ್ಮ ಮನೆಯನ್ನೇ ಬರೆಯಿರಿ, ಗೊತ್ತಿರುವ ಜನರನ್ನೇ ತನ್ನಿರಿ ಎಂದರು. ನಾನು ವಿಧೇಯ ವಿದ್ಯಾರ್ಥಿನಿ. ಗೊತ್ತಿರುವ ಜನ ಎಂದಾಗ ನನಗೆ ಮೊದಲು ನೆನಪಾದವರು ನಮ್ಮ ಅತ್ತೆ ಶಂಕ್ರಮ್ಮನವರು.

ಇಲ್ಲಿ ಅತ್ತೆಯವರ ಒಂದು ಕಟ್ಟಳೆ ಹೇಳಬೇಕು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಸ್ತು ದೇವತೆಗಳು ಮನೆಯ ಮೇಲೆ ಹಾದುಹೋಗುತ್ತಾರೆ, ಆಗ ನಮ್ಮ ಬಾಯಿಂದ ಏನು ಬಂದರೂ ‘ಅಸ್ತು’ ಅಂದುಬಿಡುತ್ತಾರೆ ಎಂಬುದು ಅವರ ನಂಬಿಕೆ. ಯಲಬುರ್ಗಿಯ ನನ್ನ ತವರಿನಲ್ಲೂ ಈ ಮಾತು ಇತ್ತು, ಆದರೆ ಇಷ್ಟು ಬಿಗಿ ಇರಲಿಲ್ಲ. ಈ ಮನೆಯಲ್ಲಿ ಅಕ್ಕಿ ತೀರುವುದಿಲ್ಲ, ಹೆಚ್ಚಾಗುತ್ತದೆ. ಬಳೆ ಒಡೆಯುವುದಿಲ್ಲ, ಅದೂ ಹೆಚ್ಚಾಗುತ್ತದೆ. ದೀಪ ಆರಿಸುವಂತಿಲ್ಲ, ಶಾಂತ ಮಾಡಬೇಕು. ಹೊಸ ಸೊಸೆಯಾಗಿ ಬಂದಾಗ ಒಂದು ಸಂಜೆ ‘ಎಣ್ಣಿ ಇಲ್ರಿ’ ಎಂದು ಕೂಗಿಬಿಟ್ಟಿದ್ದೆ. ಅತ್ತೆ ಬೈಯಲಿಲ್ಲ. ಪಕ್ಕದ ಮನೆಯಿಂದ ಒಂದು ಬಟ್ಟಲು ಎಣ್ಣೆ ತಂದು ನನ್ನ ಮುಂದೆ ಇಟ್ಟು, ‘ಈಗ ಐತಿ ಅನ್ನು’ ಎಂದರು. ಅಂದೆ. ಆಮೇಲೆಯೇ ಒಗ್ಗರಣೆಗೆ ಅಪ್ಪಣೆಯಾಯಿತು.

ಇಂಥ ಮನೆಯ ಸೊಸೆ ಬರೆದ ಕಥೆಯ ಮೊದಲ ಸಾಲು ಹೀಗಿತ್ತು: ‘ಶಂಕ್ರಮ್ಮ ಸತ್ತು ಬಹಳ ವರ್ಷಗಳಾಗಿದ್ದವು, ಆದರೆ ಅವಳ ದನಿ ಇನ್ನೂ ಅಡುಗೆಮನೆಯ ಯಂತ್ರದಲ್ಲಿತ್ತು.’ ಯಂತ್ರ ದಿನಾ ಬೆಳಿಗ್ಗೆ ಕಥೆ ಹೇಳುವ ಸೊಸೆಗೆ ‘ಅಡಿಗಿ ಆತೇನು’ ಎಂದು ಕೇಳುತ್ತದೆ, ಸೊಸೆಗೆ ಅದನ್ನು ನಿಲ್ಲಿಸಲು ಮನಸ್ಸು ಬರುವುದಿಲ್ಲ. ಮೇಷ್ಟ್ರು ಕರಡನ್ನು ನೋಡಿ ತರಗತಿಯಲ್ಲೇ ಹೊಗಳಿದರು. ಇದನ್ನು ವಿಶ್ವವಿದ್ಯಾಲಯದ ವಿಚಾರ ಸಂಕಿರಣದಲ್ಲಿ ನೀವೇ ಓದಬೇಕು ಎಂದರು. ಇಪ್ಪತ್ತರ ಹುಡುಗಿಯರ ನಡುವೆ ನಾನು ಅಷ್ಟು ಎತ್ತರಕ್ಕೆ ಕೂತದ್ದು ಅದೇ ಮೊದಲು.

ಮನೆಗೆ ಬಂದಾಗ ಮುಖ ನೋಡಿಯೇ ಅತ್ತೆ ಕೇಳಿದರು. ‘ಏನ ಬರದಿ? ಓದು, ನಾನೂ ಕೇಳ್ತೀನಿ.’ ಕೇಳುಗರು ಬೇಕೆಂಬ ಆಸೆ ಕೆಟ್ಟದ್ದು. ಗಡಿಯಾರ ನೋಡಲಿಲ್ಲ, ಹೊರಗೆ ನೋಡಲಿಲ್ಲ, ದೇವರ ಕೋಣೆಯಲ್ಲಿ ಆಗತಾನೆ ಹಚ್ಚಿದ ದೀಪವನ್ನೂ ನೋಡಲಿಲ್ಲ. ಕೊನೆಯವರೆಗೆ ಓದಿದೆ. ಅತ್ತೆ ಎದ್ದು ಹೋಗಿ ದೀಪಕ್ಕೆ ಎಣ್ಣೆ ಹಾಕಿ ಮಲಗಿಬಿಟ್ಟರು.

ಆ ವಾರವೇ ಅವರ ಹೃದಯದ ಆಪರೇಷನ್ನಿಗೆ ಹುಬ್ಬಳ್ಳಿಯಲ್ಲಿ ದಿನ ಗೊತ್ತಾಗಿತ್ತು. ನನ್ನ ಗಂಡ ವೀರೇಶ ಪಂಪ್‌ಸೆಟ್ಟಿನ ಬಿಡಿಭಾಗಗಳ ಅಂಗಡಿ ಇಟ್ಟವರು. ‘ಒಂದು ವಾಲ್ವ್ ಸವದೈತಿ ಅಷ್ಟಽ ಯವ್ವಾ, ಬದ್ಲಿ ಮಾಡಿದ್ರ ಮತ್ತ ಛಲೋ ನಡೀತೈತಿ’ ಎಂದು ತಿಂಗಳುಗಟ್ಟಲೆ ಹೇಳಿ ಅವರನ್ನು ಒಪ್ಪಿಸಿದ್ದರು. ತಡ ಮಾಡಿದರೆ ಜೀವಕ್ಕೆ ಅಪಾಯ ಎಂದು ಡಾಕ್ಟರು ನಮ್ಮಿಬ್ಬರಿಗೆ ಬೇರೆ ಹೇಳಿದ್ದರು. ಮರುದಿನ ಬೆಳಿಗ್ಗೆ ಅತ್ತೆ ಚಹಾ ಕುಡಿದು ಬಟ್ಟಲು ಕೆಳಗಿಟ್ಟು, ‘ಹುಬ್ಬಳ್ಳಿಗೆ ನಾ ಬರೂದಿಲ್ಲ. ದೀಪದ ಮುಂದ ಮಾತು ಬಿದ್ದೈತಿ’ ಎಂದರು.

ವೀರೇಶ ನನ್ನ ಕಡೆ ನೋಡಿದರು. ಇಪ್ಪತ್ತು ವರ್ಷದಲ್ಲಿ ಆ ನೋಟ ನಾನು ಕಂಡಿರಲಿಲ್ಲ. ಸುದ್ದಿ ಗೋಡೆ ದಾಟಿ ಪಕ್ಕದ ಈರಮ್ಮನಿಗೂ ಮುಟ್ಟಿತು. ‘ಮನಸ್ಸಿನ್ಯಾಗ ಇದ್ದದ್ದು ಕಥ್ಯಾಗಾದ್ರೂ ಬಂತಲ್ಲ ಬಿಡ್ರಿ’ ಎಂದು ಆಕೆ ಬಟ್ಟೆ ಒಣಹಾಕುತ್ತಲೇ ಹೇಳಿದಳು. ಆ ಮಾತು ಎದೆಗೆ ನಾಟಿತು. ಅತ್ತೆ ಸಾಯಲಿ ಎಂದು ನಾನು ಯಾವತ್ತೂ ಬಯಸಿದವಳಲ್ಲ. ನನ್ನ ಬಾಣಂತನ ಮಾಡಿದವರು ಅವರು, ಎಂ.ಎ. ಫೀಸು ಕಟ್ಟಲು ಮಗನನ್ನು ಒಪ್ಪಿಸಿದವರೂ ಅವರೇ. ಐವತ್ತು ವರ್ಷದ ನಂತರ ಯಾರಾದರೂ ಇರುತ್ತಾರೆಯೇ, ಇದು ಬರೀ ಲೆಕ್ಕಾಚಾರ, ಕಲ್ಪನೆ ಎಂದು ಅತ್ತೆಗೆ ತಿಳಿಹೇಳಲು ಹೋದೆ.

‘ನಾ ಸಾಯೂದಽ ಇಲ್ಲ ಅಂತ ಅನ್ನಾಕತ್ತಿಲ್ಲವಾ’ ಎಂದರು ಅತ್ತೆ. ‘ಕಲ್ಪನಿ ಆದ್ರ ಯಾರದರ ಹೆಸರ ಇಡಬೇಕಿತ್ತು. ನಂದಽ ಯಾಕ ಇಟ್ಟಿ? ಆ ಹೊತ್ತಿನ್ಯಾಗ ಯಾಕ ಓದಿದಿ?’

ನನ್ನ ಬಳಿ ಇದ್ದ ಸಿದ್ಧಾಂತಗಳೆಲ್ಲ ಅಲ್ಲಿಗೆ ಮುಗಿದವು. ಮಂಗಳವಾರ ಅವರನ್ನು ಹುಲಿಗೆಮ್ಮನ ಗುಡಿಗೆ ಕರೆದೊಯ್ದೆ, ಅಮ್ಮನಾದರೂ ಧೈರ್ಯ ಕೊಟ್ಟಾಳು ಎಂದು. ಕೈ ಮುಗಿದು ಬಹಳ ಹೊತ್ತು ನಿಂತಿದ್ದರು. ಹೊರಗೆ ಬಂದು ಹೊಳೆಯ ಕಡೆ ಮುಖ ಮಾಡಿ ಕೂತು, ‘ಅಮ್ಮ ಏನೂ ಅನ್ನಲಿಲ್ಲ. ಬರದಾಕಿ ನೀನು, ನೀನಽ ತಿದ್ದು’ ಎಂದರು.

ಅವತ್ತು ಮಧ್ಯಾಹ್ನ ಅತ್ತೆ ನನ್ನ ಪಕ್ಕದಲ್ಲಿ ಕೂತು ಮುಂದಿನ ಐವತ್ತು ವರ್ಷವನ್ನು ಬರೆಸಿದರು. ಶಂಕ್ರಮ್ಮ ಇದ್ದಾಳೆ. ರೊಟ್ಟಿ ಅಗಿಯುವ ಹಲ್ಲು ಇವೆ. ಮೊಣಕಾಲು ನೋಯುವುದಿಲ್ಲ. ಹೇಮಗುಡ್ಡಕ್ಕೆ ತಾನೇ ಹತ್ತಿ ಇಳಿಯುತ್ತಾಳೆ. ಅಡುಗೆಮನೆಯ ಯಂತ್ರ ಬೇಡ, ಬಾಯಿ ಇರುವಾಗ ಅದೇಕೆ. ನಾನು ಒಂದೊಂದನ್ನೂ ಬರೆದೆ. ಕೊನೆಗೆ ಕೇಳಿದರು, ‘ಇದರಾಗ ನೀ ಎಲ್ಲಿ ಅದೀ?’

‘ನಾನ ಕಥಿ ಹೇಳಾಕಿ ಅಲ್ರಿ ಅತ್ತಿ.’

‘ಮೊದ್ಲ ಬರದದ್ದರಾಗೂ ನೀನಽ ಹೇಳಾಕಿ ಇದ್ದಿ?’

‘ಹೂಂರಿ.’

‘ಅಂದ್ರ ನನ್ನ ಸಾಯಿಸಿ, ನೀ ಮಾತ್ರ ಜೀವಂತ ಇದ್ದಿ. ತೊಂಬತ್ತು ದಾಟಿದ ಮ್ಯಾಲೂ.’

ದಾಕ್ಷಿಣ್ಯವಿಲ್ಲದ ಭವಿಷ್ಯ ಬರೆದೆ ಎಂದು ಬೀಗಿದ್ದವಳಿಗೆ ಇದು ಹೊಳೆದೇ ಇರಲಿಲ್ಲ. ತಲೆ ತಗ್ಗಿಸಿದೆ. ಅತ್ತೆ ನನ್ನ ಬೆನ್ನ ಮೇಲೆ ಕೈ ಇಟ್ಟು, ‘ಇರ್ಲಿ ಬಿಡು, ಇರು. ನನ್ನ ಸಂಗಾಟ ಯಾರರ ಬೇಕಲ್ಲ’ ಎಂದರು. ಸಂಜೆ ದೀಪ ಹಚ್ಚಿ ಹೊಸ ಕಥೆಯನ್ನು ಪೂರ್ತಿ ಓದಿಸಿದರು. ಮಧ್ಯದಲ್ಲಿ ತಮಗೆ ಕೆಮ್ಮು ಬಂದಾಗ ನನ್ನ ಓದು ನಿಲ್ಲಿಸಿ, ಆ ಸಾಲನ್ನು ಮತ್ತೊಮ್ಮೆ ಓದು ಎಂದರು. ಮರುದಿನ ಸೀರೆ ಮಡಚಿ ಚೀಲಕ್ಕೆ ಇಟ್ಟುಕೊಂಡರು.

ಹುಬ್ಬಳ್ಳಿಯಲ್ಲಿ ಆಪರೇಷನ್ ಸಂಜೆಯವರೆಗೆ ನಡೆಯಿತು. ಹೊರಗೆ ದೀಪ ಹತ್ತುವ ಹೊತ್ತಾದಾಗ ನನ್ನ ಕೈ ತಾನಾಗಿ ಚೀಲದೊಳಗೆ ಹೋಯಿತು. ಕಥೆ ತೆಗೆದು ಮೆಲ್ಲಗೆ, ಆದರೆ ಮೇಲೆ ಹಾದುಹೋಗುವ ದೇವತೆಗಳಿಗೆ ಕೇಳಿಸುವಷ್ಟು ದನಿಯಲ್ಲಿ ಓದತೊಡಗಿದೆ. ವೀರೇಶ ಏನದು ಎಂದರು. ಪರೀಕ್ಷೆ ಹತ್ತಿರ ಬಂತು ಎಂದೆ.

ಅತ್ತೆ ಉಳಿದರು. ಕಥೆ ಉಳಿಯಲಿಲ್ಲ. ತಿದ್ದಿದ್ದನ್ನೇ ಮೇಷ್ಟ್ರಿಗೆ ಕೊಟ್ಟೆ. ನೂರಿಪ್ಪತ್ತರ ಮುದುಕಿ ಗುಡ್ಡ ಹತ್ತುವುದಕ್ಕೆ ವೈಜ್ಞಾನಿಕ ಆಧಾರ ಏನು ಎಂದು ಮೇಷ್ಟ್ರು ಕೇಳಿದರು. ಸಂಕಿರಣದ ಪಟ್ಟಿಯಿಂದ ನನ್ನ ಹೆಸರು ಹೋಯಿತು, ತರಗತಿಯಲ್ಲೇ ಎಲ್ಲರಿಗಿಂತ ಕಡಿಮೆ ಅಂಕ ನನಗೆ ಬಂತು. ದುಃಖವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಸ್ಸಿನಲ್ಲಿ ಬರುವಾಗ ಒಂದೆರಡು ಹನಿ ಬಂದವು, ಒರೆಸಿಕೊಂಡೆ.

ಮೊನ್ನೆ ಈರಮ್ಮ ಬಂದಿದ್ದಳು. ಬಹಳ ಹೊತ್ತು ಬಾಗಿಲ ಬಳಿಯೇ ನಿಂತು, ಅತ್ತೆಯವರ ನಡಿಗೆ, ಮುಖದ ಕಳೆ, ಎಲ್ಲ ನೋಡಿದಳು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ‘ನಮ್ಮ ಮನಿಯವರಿಗೂ ಡಾಕ್ಟರು ಸ್ವಲ್ಪ ಹೆದರಿಸ್ಯಾರ್ರಿ. ನಿಮ್ಮ ಕಥ್ಯಾಗ ಒಂದೀಟು ಜಾಗ ಇದ್ರ ಅವರನ್ನೂ ಹಾಕ್ರಿ’ ಎಂದಳು. ಇದೆಲ್ಲ ಬರೀ ಕಲ್ಪನೆ, ಇದರಿಂದ ಏನೂ ಆಗುವುದಿಲ್ಲ, ಮೊದಲು ದೊಡ್ಡ ಆಸ್ಪತ್ರೆಗೆ ತೋರಿಸಿರಿ ಎಂದು ಗಂಭೀರವಾಗಿ ಬುದ್ಧಿ ಹೇಳಿದೆ. ಆಕೆ ತಲೆ ಆಡಿಸಿದಳು, ಹೋಗಲಿಲ್ಲ. ನಾನು ಒಳಗೆ ಹೋಗಿ ಪೆನ್ನು ತಂದು, ಅವರ ಪೂರ್ತಿ ಹೆಸರು ಏನ್ರಿ ಎಂದು ಕೇಳಿದೆ.