ಎಪ್ಪತ್ತನಾಲ್ಕರ ನಡು

ಬೆನ್ನ ಮೇಲೆ, ತಲೆ ಮುಂದಾಗಿ, ಆರ್ಲೊ ಬೆಮಿಸ್ ಗುಡ್ಡ ಇಳಿಯುತ್ತಿದ್ದ. ಹಿಮದ ಮೇಲೆ ಜಾರುವ ಸ್ಕೀ ಹಲಗೆಗಳಲ್ಲಿ ಒಂದು ಕಾಲಿನಲ್ಲೇ ಇತ್ತು. ಇನ್ನೊಂದು, ಕೆಳಗೆ ಏನೋ ಸ್ವಂತ ಕೆಲಸವಿದ್ದಂತೆ, ಅವನನ್ನು ಬಿಟ್ಟು ಮುಂದೆ ಹೋಗಿತ್ತು. ಮೇಲೆ ಆಕಾಶ ತೊಳೆದಿಟ್ಟ ತಟ್ಟೆಯ ಹಾಗೆ ನೀಲಿ. ಆ ನೀಲಿಗೆ ಅಡ್ಡವಾಗಿ, ತಂತಿಗೆ ಜೋತುಬಿದ್ದ ಲಿಫ್ಟಿನ ಕುರ್ಚಿಗಳು ಊರಿನ ಜನರನ್ನು ಇಬ್ಬಿಬ್ಬರಾಗಿ ಹೊತ್ತು ಸಾಗುತ್ತಿದ್ದವು. ಬೀಳುವುದಕ್ಕೆ ಇದಕ್ಕಿಂತ ಕೆಟ್ಟ ಜಾಗ ಇಡೀ ಗುಡ್ಡದಲ್ಲಿ ಇನ್ನೊಂದಿರಲಿಲ್ಲ.

"ಆರ್ಲೊ! ನಿನ್ನ ಸ್ಕೀ ಆಗಲೇ ಊಟಕ್ಕೆ ಹೋಯ್ತು ಕಣೋ!" ಶಾಲೆಯ ಅಡುಗೆಮನೆಯ ಬರ್ನಿಸ್ ಕುರ್ಚಿಯಿಂದ ಬಗ್ಗಿ ಕೂಗಿದಳು.

ಅವಳ ಪಕ್ಕದಲ್ಲಿ ಕೂತಿದ್ದವನು ಡೆಲ್ಬರ್ಟ್. ಊರಿನ ರಸ್ತೆ ಇಲಾಖೆಯ ಮೇಲಧಿಕಾರಿ, ಒಂದು ಕಾಲಕ್ಕೆ ಆರ್ಲೊನ ಜೊತೆ ಒಂದೇ ಬೆಂಚಿನಲ್ಲಿ ಕೂತವನು. "ಲೊರೇನ್‌ಗೆ ಫೋನ್ ಮಾಡ್ಲೇನಯ್ಯ? ಸೂಟ್‌ಕೇಸ್ ತುಂಬ್ಕೋ ಅಂತ?"

ಆರ್ಲೊ ಆಗಲೇ ಲಿಫ್ಟಿನ ಮುಂದಿನ ಕಂಬ ದಾಟಿ ಹೋಗಿದ್ದ.

ಸೂಟ್‌ಕೇಸಿನ ಮಾತು ತಮಾಷೆಯದಲ್ಲ. ಪ್ರತಿ ಫೆಬ್ರವರಿಯ ಕೊನೆಯ ಶನಿವಾರ ಮಧ್ಯಾಹ್ನ ಎರಡಕ್ಕೆ ಊರಿನ ಸ್ಕೀ ಪಂದ್ಯ. ಗೆದ್ದವರ ಹೆಸರನ್ನು ಒಂದು ವಾರದಲ್ಲಿ ಎಲ್ಲರೂ ಮರೆಯುತ್ತಾರೆ. ಎಲ್ಲರಿಗಿಂತ ನಿಧಾನವಾಗಿ ಇಳಿದವರ ಕುತ್ತಿಗೆಗೆ ಮಾತ್ರ ಒಂದು ಬಿಳಿ ಏಪ್ರನ್ ಬೀಳುತ್ತದೆ. ಆ ಏಪ್ರನ್ ಇದ್ದ ಮನೆಯವರೇ ಅಕ್ಟೋಬರಿನಲ್ಲಿ ಚರ್ಚಿನ ಕೋಳಿ ಪೈ ಊಟಕ್ಕೆ ಮುನ್ನೂರು ಪೈ, ಅಂದರೆ ಹಿಟ್ಟಿನ ಕವಚದೊಳಗೆ ಕೋಳಿ ತುಂಬಿ ಸುಡುವ ತಿನಿಸು, ಮಾಡಬೇಕು. ಜುಲೈಯಿಂದಲೇ ಮನೆಯಲ್ಲಿ ಹಿಟ್ಟು ಹಾರಲು ಶುರು. ಮೂರು ವರ್ಷದಿಂದ ಏಪ್ರನ್ ಆರ್ಲೊನ ಮನೆಯ ಮೊಳೆ ಬಿಟ್ಟು ಅಲುಗಾಡಿಲ್ಲ. ಬೆಳಿಗ್ಗೆ ಹೊರಡುವಾಗ ಹೆಂಡತಿ ಲೊರೇನ್ ಕಾಫಿ ಕೊಟ್ಟು, ಸಕ್ಕರೆ ಕೇಳುವ ದನಿಯಲ್ಲಿ ಹೇಳಿದ್ದಳು: "ನೋಡು, ನಾಲ್ಕನೇ ಸಲ ಅದು ಈ ಮನೆಗೆ ಬಂತೋ, ನಾನು ಐದು ಗಂಟೆ ಬಸ್ಸಿಗೆ ಮೇನ್ ರಾಜ್ಯಕ್ಕೆ, ತಂಗಿ ಮನೆಗೆ. ಪೈ ಊಟ ಮುಗಿದ ಮೇಲೆ ಬರ್ತೀನಿ. ಕೋಳಿ ಮೂಳೆ ಬಿಡಿಸೋದು ನನ್ನಿಂದಾಗಲ್ಲ."

ಲೊರೇನ್ ಹೇಳಿದ್ದನ್ನು ಮಾಡುವವಳು. ಒಮ್ಮೆ ಹೀಗೇ ಹೇಳಿ ಬೆಕ್ಕನ್ನೇ ಬೇರೆ ಮನೆಗೆ ಕೊಟ್ಟುಬಿಟ್ಟಿದ್ದಳು.

ಗುಡ್ಡದ ಬುಡದಲ್ಲಿ, ಊಟದ ಮನೆಯ ನೆಲಮಾಳಿಗೆಯಲ್ಲಿ ಹಾಲಿಸ್ ಮುದುಕನ ಸ್ಕೀ ಅಂಗಡಿ. ಮೇಣದ ವಾಸನೆ, ಸಾಣೆಯ ಕಿರುಚಾಟ. ಮೇಲಿನಿಂದ ಜಾರಿ ಬಂದ ಒಂಟಿ ಸ್ಕೀ ಅವನ ಬಾಗಿಲಿಗೇ ಬಂದು ಬಡಿದಿತ್ತು. ಸ್ವಲ್ಪ ಹೊತ್ತಿಗೆ ಅದರ ಯಜಮಾನ ಆರ್ಲೊನೂ ಕುಂಟುತ್ತ ಬಂದ. ಹಾಲಿಸ್ ಸ್ಕೀಯನ್ನು ಎತ್ತಿ ಅದರ ನಡುವಿಗೆ, ಅಂದರೆ ಕಾಲಿಡುವ ಜಾಗದ ಅಗಲಕ್ಕೆ, ಅಳತೆಪಟ್ಟಿ ಹಿಡಿದ.

"ನೂರಾ ಹನ್ನೆರಡು ಮಿಲಿಮೀಟರು. ಇದು ಸ್ಕೀ ಅಲ್ಲಪ್ಪ, ಕೊಟ್ಟಿಗೆ ಬಾಗಿಲು."

"ಆಳ ಹಿಮಕ್ಕೆ ಅಗಲ ಇದ್ದಷ್ಟೂ ಒಳ್ಳೇದು ಅಂತ..." ಆರ್ಲೊ ಗೊಣಗಿದ. ಎರಡು ಚಳಿಗಾಲದ ಹಿಂದೆ ಇಡೀ ಊರಿನ ಮಾತು ಮೀರಿ ಅವನೇ ಆರಿಸಿ ತಂದ ಜೋಡಿ ಅದು. ಮೇಲೆ ಬೆಂಕಿಯುಗುಳುವ ಹದ್ದಿನ ಚಿತ್ರವಿತ್ತು.

"ಹೌದು, ಸೊಂಟದ ಮಟ್ಟ ಹೊಸ ಹಿಮ ಬಿದ್ದ ದಿನ ಇದರ ಮೇಲೆ ತೇಲಬಹುದು. ಈಗ ಹೇಳು, ಹೊಸ ಹಿಮ ಬಿದ್ದ ದಿನ ನೀನು ಎಲ್ಲಿರ್ತೀಯ?"

ಆರ್ಲೊ ಊರಿನ ಹಿಮ ತಳ್ಳುವ ಲಾರಿಯ ಚಾಲಕ. ಯೋಚಿಸಿದ. "ಲಾರೀಲಿ."

"ಮಾರನೇ ದಿನ?"

"ಲಾರೀಲಿ."

"ರಸ್ತೆಯೆಲ್ಲ ತಳ್ಳಿ ಮುಗಿಸಿ ಗುಡ್ಡಕ್ಕೆ ಬರೋ ಹೊತ್ತಿಗೆ?"

"ಯಂತ್ರ ಹಿಮಾನೆಲ್ಲ ಬಾಚಿ ಒತ್ತಿಬಿಟ್ಟಿರುತ್ತೆ."

"ಅಂದ್ಮೇಲೆ ಹೊಸ ಹಿಮದ ಮೇಲೆ ನೀನು ಯಾವತ್ತಾದ್ರೂ ಆಡಿದ್ದೀಯಾ?"

ಆರ್ಲೊ ಸ್ಕೀಯ ಮೇಲಿನ ಹದ್ದನ್ನೇ ನೋಡಿದ. ನಲವತ್ತೇಳು ವರ್ಷದ ಒಬ್ಬ ಮನುಷ್ಯ ತನ್ನ ಬಾಳಿನ ಬಗ್ಗೆ ಒಂದು ಸಣ್ಣ ವಿಷಯ ತಿಳಿದುಕೊಳ್ಳುತ್ತಿದ್ದ.

ಮೂರು ವಾರದಿಂದ ಒಂದು ಎಸಳು ಹಿಮ ಬಿದ್ದಿರಲಿಲ್ಲ. ಹಗಲು ಕರಗಿ, ರಾತ್ರಿ ಹೆಪ್ಪುಗಟ್ಟಿ, ಯಂತ್ರ ಬಾಚಿ ಬಾಚಿ, ಗುಡ್ಡ ಈಗ ಬ್ಯಾಂಕಿನ ನೆಲದ ಹಾಗೆ ಹೊಳೆಯುತ್ತಿತ್ತು. "ಇಂಥ ನೆಲಕ್ಕೆ ನಡು ಸಣ್ಣಗಿರಬೇಕು," ಹಾಲಿಸ್ ಹೇಳಿದ. "ಎಂಬತ್ತು ದಾಟಬಾರದು. ಅಂಚು ಚೂರಿ ಹಾಗಿರಬೇಕು. ಒಂದು ಅಂಚಿಂದ ಇನ್ನೊಂದಕ್ಕೆ ಪಟ್ಟಂತ ಹೊರಳಬೇಕು. ನಿನ್ನ ಬಾಗಿಲು ಹೊರಳೋ ಹೊತ್ತಿಗೆ ಗುಡ್ಡವೇ ಮುಗಿದುಹೋಗುತ್ತೆ."

ಅಷ್ಟರಲ್ಲಿ ಆರ್ಲೊಗೆ ಬೇರೆ ಸ್ಕೀ ಬೇಕಂತೆ ಎಂಬ ಸುದ್ದಿ ಮೇಲೆ ಊಟದ ಮನೆಗೆ ಮುಟ್ಟಿ, ಸಲಹೆಗಾರರು ಮೆಟ್ಟಿಲಿಳಿದು ಬಂದರು. ಎಲ್ಲರಿಗಿಂತ ಮುಂದೆ ಡೆಲ್ಬರ್ಟ್, ಹೆಗಲ ಮೇಲೆ ಎರಡು ಮೀಟರು ಮೀರಿದ ಒಂದು ಜೋಡಿ ಹೊತ್ತು. "ನಮ್ಮಪ್ಪನ ಪಂದ್ಯದ ಸ್ಕೀ ಕಣಯ್ಯ. ನಡು ಅರವತ್ತಾರು! ಇದಕ್ಕಿಂತ ಸಣ್ಣ ನಡು ನಿನಗೆ ಇಡೀ ವರ್ಮಾಂಟ್ ರಾಜ್ಯದಲ್ಲಿ ಸಿಗಲ್ಲ."

ಡೆಲ್ಬರ್ಟ್ ಈ ಮೂರು ವರ್ಷವೂ ಕೊನೆಯಿಂದ ಎರಡನೆಯವನು. ಆರ್ಲೊ ಒಂದು ಮೆಟ್ಟಿಲು ಮೇಲೆ ಹೋದರೆ ಕೆಳಗೆ ಉಳಿಯುವವನು ಯಾರು ಎಂಬುದನ್ನು ಆರ್ಲೊ ಆಗ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಹಾಲಿಸ್ ಬೇಡವೆಂದು ತಲೆಯಾಡಿಸುತ್ತಲೇ ತಿರುಪುಮೊಳೆ ತಿರುಗಿಸಿ ಬೂಟಿನ ಹಿಡಿತ ಸರಿಮಾಡಿಕೊಟ್ಟ.

ಆ ಸ್ಕೀಗಳ ಅಂಚು ನಿಜಕ್ಕೂ ಮಂಜುಗಡ್ಡೆಯನ್ನು ಕಚ್ಚಿದವು. ಕಚ್ಚಿದ್ದನ್ನು ಬಿಡಲೇ ಇಲ್ಲ. ಆರ್ಲೊ ಎಡಕ್ಕೆ ಬಾಗಿದ, ಬಲಕ್ಕೆ ಬಾಗಿದ, ದೇವರನ್ನು ನೆನೆದ. ಅವು ಮಾತ್ರ ಹಳೆಯ ಸೇನಾಧಿಕಾರಿಗಳ ಹಾಗೆ ನೇರ ನಡೆದವು. ಗುಡ್ಡ ಮುಗಿಯಿತು, ಬೇಲಿ ಮುಗಿಯಿತು. ಊಟದ ಮನೆಯ ಮರದ ಜಗಲಿ ಬಂತು. ಅಲ್ಲಿ ಸೂಪಿನ ಬಟ್ಟಲು ಹಿಡಿದು ನಿಂತಿದ್ದ ಪಾದ್ರಿಗಳು ಕ್ರೀಡಾಪಟುವಿನಂತೆ ಹಾರಿ ಪಕ್ಕಕ್ಕೆ ಸರಿದರು.

"ಚೆನ್ನಾಗಿ ಓಡುತ್ತೆ, ಅಲ್ವಾ?" ಡೆಲ್ಬರ್ಟ್ ಕೇಳಿದ.

ಆಮೇಲೆ ಬರ್ನಿಸಳ ಜೋಡಿ. "ನಂದು ಎಂಬತ್ತೆಂಟು, ಮೃದು. ಎಲ್ಲಾದಕ್ಕೂ ಆಗುತ್ತೆ. ನನ್ನ ಮಾತು ಕೇಳು, ಎಲ್ಲಾದಕ್ಕೂ ಆಗೋದು ಒಂದಿದ್ರೆ ಸಾಕು ಮನೇಲಿ." ಗಟ್ಟಿ ನೆಲದ ಮೇಲೆ ಅವು ಹೊಲಿಗೆ ಯಂತ್ರದ ಹಾಗೆ ನಡುಗಿದವು. ಕೆಳಗಿಳಿಯುವಾಗ ಆರ್ಲೊನ ಹಲ್ಲು ಕಟಕಟಿಸಿ, ಕನ್ನಡಕ ಮೂಗಿನಿಂದ ಬಾಯಿಗೆ ಇಳಿದಿತ್ತು.

"ಹೇಗಿದೆ?"

"ಎ-ಎ-ಎಲ್ಲಾದಕ್ಕೂ ಆ-ಆಗುತ್ತೆ," ಎಂದ ಆರ್ಲೊ. ಬರ್ನಿಸ್ ಎಂದರೆ ಅವನಿಗೆ ಇಷ್ಟ, ನೋಯಿಸಲು ಮನಸ್ಸಾಗಲಿಲ್ಲ.

ಗಂಟೆ ಹನ್ನೆರಡೂವರೆ. ಜನ ಊಟಕ್ಕೆ ಚದುರಿದ ಮೇಲೆ ಹಾಲಿಸ್ ಒಳಗಿನ ಕಪಾಟು ತೆಗೆದ. ಚಿತ್ರವಿಲ್ಲ, ಬಣ್ಣವಿಲ್ಲ; ಮಸಿಯಂಥ ಕಪ್ಪು ಜೋಡಿ. "ಎಪ್ಪತ್ತನಾಲ್ಕು. ಇವತ್ತು ಬೆಳಿಗ್ಗೆ ಸಾಣೆ ಹಿಡಿದದ್ದು. ಏನೂ ಮಾಡೋಕೆ ಹೋಗಬೇಡ, ಬರೀ ಮೊಣಕಾಲು ವಾಲಿಸು. ಉಳಿದದ್ದು ಅದು ನೋಡ್ಕೊಳ್ಳುತ್ತೆ."

ಆರ್ಲೊ ಮೇಲೆ ಹೋಗಿ ಮೊಣಕಾಲು ವಾಲಿಸಿದ.

ಸ್ಕೀ ತಿರುಗಿತು. ಜಾರಲಿಲ್ಲ, ನಡುಗಲಿಲ್ಲ, ವಾದಿಸಲಿಲ್ಲ. ತಣ್ಣನೆಯ ಬೆಣ್ಣೆಯಲ್ಲಿ ಚಾಕು ಎಳೆದ ಹಾಗೆ ಮಂಜುಗಡ್ಡೆಯಲ್ಲಿ ಸಣ್ಣ ಗೆರೆಯೊಂದು ಬಿತ್ತು. ಇನ್ನೊಂದು ಕಡೆ ವಾಲಿಸಿದ. ಆ ಕಡೆಗೂ ತಿರುಗಿತು. ಅರ್ಧ ಗುಡ್ಡದಲ್ಲಿ ನಿಂತು ಹಿಂದೆ ತಿರುಗಿ ನೋಡಿದ. ಎರಡು ಗೆರೆಗಳು ಪಕ್ಕಪಕ್ಕದಲ್ಲಿ ಬಳುಕುತ್ತ ಇಳಿದಿದ್ದವು. ಅಷ್ಟು ಚೆಂದದ್ದನ್ನು ಅವನು ಈ ತನಕ ಬರೆದೇ ಇರಲಿಲ್ಲ, ಶಾಲೆಯಲ್ಲಿ ಕೂಡ. ಲಿಫ್ಟಿನ ಮೇಲೆ ಯಾರೂ ಇಲ್ಲದ್ದನ್ನು ಖಚಿತಮಾಡಿಕೊಂಡು ಕೈಗವಸಿನಿಂದ ಕಣ್ಣೊರೆಸಿದ.

ಊಟದ ಮನೆಯಲ್ಲಿ ಒಲೆಯ ಪಕ್ಕ ಕೂತು ನೆಮ್ಮದಿಯಿಂದ ಎರಡು ಬಟ್ಟಲು ಬೀನ್ಸ್ ಸೂಪು ಕುಡಿದ. ಎದುರು ಗೋಡೆಯ ಮೇಲೆ ಪಂದ್ಯದ ನಿಯಮಗಳು ಗಾಜಿನ ಚೌಕಟ್ಟಿನಲ್ಲಿದ್ದವು. ಅವುಗಳಲ್ಲಿ ಏಳನೆಯದು ಆರ್ಲೊನದೇ. ಐದು ವರ್ಷದ ಹಿಂದೆ, ಏಪ್ರನ್ ಡೆಲ್ಬರ್ಟನ ಮನೆಯಲ್ಲಿದ್ದಾಗ, ಊರ ಸಭೆಯಲ್ಲಿ ಎದ್ದು ನಿಂತು ಅವನು ಬಾಯಿಬಿಟ್ಟು ಹೇಳಿದ ಒಂದೇ ಒಂದು ವಾಕ್ಯ. ಜನ ಚಪ್ಪಾಳೆ ತಟ್ಟಿ ನಿಯಮ ಮಾಡಿದ್ದರು. ಅದನ್ನು ಬಳಸುವ ಪ್ರಸಂಗ ಬಂದಿರಲಿಲ್ಲ. ಓದುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ, ಆರ್ಲೊ ಕೂಡ. ಚೌಕಟ್ಟಿನಲ್ಲಿ ತನ್ನದೊಂದು ಸಾಲಿದೆ ಎಂಬುದಷ್ಟೇ ಅವನಿಗೆ ಸಾಕಾಗಿತ್ತು.

"ಏನೋ, ಮುಖದಲ್ಲಿ ಕಳೆ ಬಂದಿದೆ?" ಬರ್ನಿಸ್ ಸಂಶಯದಿಂದ ಕೇಳಿದಳು.

"ಎಪ್ಪತ್ತನಾಲ್ಕು," ಎಂದ ಆರ್ಲೊ.

"ನಿನ್ನ ವಯಸ್ಸಾ?"

ಎರಡು ಗಂಟೆಗೆ ಪಂದ್ಯ ಶುರುವಾಯಿತು. ಇಪ್ಪತ್ತೊಂದು ಜನ, ಒಬ್ಬರಾದ ಮೇಲೆ ಒಬ್ಬರು. ಚೀಟಿಯಲ್ಲಿ ಆರ್ಲೊಗೆ ಮೂರನೆಯ ಸರದಿ, ಡೆಲ್ಬರ್ಟ್‌ಗೆ ಹತ್ತನೆಯದು. ಇಳಿಯುವ ಮುಂಚೆ ಆರ್ಲೊ ತಲೆಯೆತ್ತಿ ನೋಡಿದ. ಬೆಳಗಿನ ನೀಲಿ ಹೋಗಿ, ಮೋಡ ಹಳೆಯ ಹಾಸಿಗೆಯ ಹಾಗೆ ಕೆಳಕ್ಕೆ ಜೋತುಬಿದ್ದಿತ್ತು. ಮೂರು ವಾರದಿಂದ ಹೀಗೇ ಜೋತುಬೀಳುತ್ತಿತ್ತು, ಏನೂ ಉದುರಿರಲಿಲ್ಲ.

ಮೊಣಕಾಲು ವಾಲಿಸಿದ. ಬಾವುಟಗಳು ತಾವಾಗಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಂತೆ ಕಂಡಿತು. ಗೆರೆ ದಾಟಿ ನಿಂತಾಗ ಗಡಿಯಾರ ಹಿಡಿದಿದ್ದ ಪಾದ್ರಿಗಳು ಅದನ್ನು ಕಿವಿಗೆ ಹಿಡಿದು ಅಲುಗಿಸಿದರು. "ಆರ್ಲೊ, ಇದು ನೀನೇನಾ?"

ಐದನೆಯವನು ಬಂದ, ಆರ್ಲೊಗಿಂತ ನಾಲ್ಕು ಸೆಕೆಂಡು ನಿಧಾನ. ಆರನೆಯವಳು ಹದಿನೊಂದು ಸೆಕೆಂಡು ನಿಧಾನ. ಇನ್ನು ಏನೇ ಆಗಲಿ, ತಾನು ಕೊನೆಯವನಲ್ಲ! ಆರ್ಲೊನ ಎದೆಯಿಂದ ಮುನ್ನೂರು ಪೈಗಳ ಭಾರ ಒಮ್ಮೆಗೇ ಇಳಿಯಿತು. ಹಾಲಿಸನನ್ನು ತಬ್ಬಿಕೊಂಡ. ಪಾದ್ರಿಗಳನ್ನೂ ತಬ್ಬಿಕೊಂಡ. ಆಗ ಅವನ ಮೂಗಿನ ತುದಿಯ ಮೇಲೆ ತಣ್ಣಗೆ ಏನೋ ಬಂದು ಕೂತಿತು.

ಹಿಮದ ಎಸಳು. ನಾಣ್ಯದಷ್ಟು ದೊಡ್ಡದು. ಹಿಂದೆಯೇ ಇನ್ನೊಂದು, ಮತ್ತೆ ಲೆಕ್ಕವಿಲ್ಲ. ಹತ್ತು ನಿಮಿಷದಲ್ಲಿ ಗುಡ್ಡದ ತಲೆ ಕಾಣದಾಯಿತು. ಆರ್ಲೊನ ಅಂಗಿಯೊಳಗಿದ್ದ ರಸ್ತೆ ಇಲಾಖೆಯ ರೇಡಿಯೊ ಕೆಮ್ಮಿತು: "ಆರ್ಲೊ, ಸೇತುವೆ ರಸ್ತೆ ಮುಚ್ಚಿಹೋಗ್ತಿದೆ, ಹೊರಡು."

ಅಷ್ಟು ಸಂತೋಷದಿಂದ ಕೆಲಸಕ್ಕೆ ಹೊರಟವನು ಜಗತ್ತಿನಲ್ಲಿ ಆ ಮಧ್ಯಾಹ್ನ ಬೇರೊಬ್ಬನಿರಲಾರ. "ಹೋಗೋ, ಸ್ಕೀ ಇಲ್ಲೇ ಬಿಡು," ಎಂದ ಹಾಲಿಸ್. "ಹಿಮ ನಿಂತ ಮೇಲೆ ಬಾ. ಅದು ನಿಂದೇ ಅಂದ್ಕೋ."

ಲಾರಿಯಲ್ಲಿ ಕೂತು ಆರ್ಲೊ ಹಾಡಿದ. ಮುಂದಿನ ಅಗಲವಾದ ಸಲಿಕೆ ಹಿಮವನ್ನು ಅಲೆ ಮಾಡಿ ಬಲಕ್ಕೆ ಎಸೆಯುತ್ತಿತ್ತು. ಸೇತುವೆ ರಸ್ತೆ ಮುಗಿಸಿದ, ಶಾಲೆಯ ರಸ್ತೆ ಮುಗಿಸಿದ. ಲೊರೇನ್ ಈಗ ಸೂಟ್‌ಕೇಸನ್ನು ಮಂಚದ ಕೆಳಕ್ಕೆ ತಳ್ಳುತ್ತಿರಬಹುದು. ರಾತ್ರಿಯ ಊಟಕ್ಕೆ ಕೋಳಿ ಬಿಟ್ಟು ಬೇರೆ ಏನಾದರೂ ಮಾಡೆಂದು ಕೇಳಬೇಕು.

ನಾಲ್ಕು ಗಂಟೆಗೆ ರೇಡಿಯೊದಲ್ಲಿ ಡೆಲ್ಬರ್ಟನ ದನಿ ಬಂತು. ಅವನೂ ಇನ್ನೊಂದು ಲಾರಿ ಹತ್ತಿದ್ದ.

"ಆರ್ಲೊ, ಕೇಳಿಸ್ತಿದೆಯೇನಯ್ಯ?"

"ಹೇಳು. ಎಷ್ಟು ಸೆಕೆಂಡಲ್ಲಿ ಇಳಿದೆ?"

"ಇಳಿಯಲಿಲ್ಲ. ಒಂಬತ್ತು ಜನ ಇಳಿದ್ರು. ಹತ್ತನೆಯವನು ನಾನು ಗೇಟಿನಲ್ಲಿ ನಿಂತಿದ್ದೆ, ನನ್ನ ಸ್ಕೀ ನನಗೇ ಕಾಣ್ತಿರಲಿಲ್ಲ. ಪಾದ್ರಿಗಳು ಪಂದ್ಯ ನಿಲ್ಲಿಸಿಬಿಟ್ರು."

"ಪರವಾಗಿಲ್ಲ ಬಿಡು. ಮುಂದಿನ ಶನಿವಾರ ಮಾಡಿದ್ರಾಯ್ತು."

"ನಾನೂ ಅದೇ ಅಂದೆ. ಬರ್ನಿಸ್ ಕುರ್ಚಿ ಹತ್ತಿ ನಿಯಮ ಓದಿದಳು." ಡೆಲ್ಬರ್ಟ್ ಗಂಟಲು ಸರಿಮಾಡಿಕೊಂಡ. "'ಏಳು. ಹಿಮ ಬಿದ್ದು ಪಂದ್ಯ ಅರ್ಧಕ್ಕೆ ನಿಂತರೆ ಮರುಪಂದ್ಯವಿಲ್ಲ. ಹಿಂದಿನ ವರ್ಷದ ಫಲಿತಾಂಶವೇ ಊರ್ಜಿತ. ಸೂಚಿಸಿದವರು: ಆರ್ಲೊ ಬೆಮಿಸ್.' ಐದು ವರ್ಷದ ಹಿಂದೆ ನೀನೇ ನನಗೋಸ್ಕರ ಮಾಡಿದ್ದೆ, ನೆನಪಿದೆಯಾ? ಏಪ್ರನ್ ನಮ್ಮನೇಲೇ ಕೊಳೀಲಿ ಅಂತ."

ವೈಪರುಗಳು ಎಡಕ್ಕೂ ಬಲಕ್ಕೂ ಆಡಿದವು. ಸಣ್ಣ ನಡುವಿನ ಸ್ಕೀಗಳ ಹಾಗೆ.

"ಲೊರೇನ್‌ಗೆ ಗೊತ್ತಾ?" ಆರ್ಲೊ ಕೊನೆಗೆ ಕೇಳಿದ.

"ಬರ್ನಿಸ್ ಆಗಲೇ ಫೋನ್ ಮಾಡಿದ್ಲಲ್ಲ! ಕೋಟು ಹಾಕ್ಕೊಂಡು, ಸೂಟ್‌ಕೇಸ್ ಬಾಗಿಲಲ್ಲಿ ಇಟ್ಕೊಂಡು ಕೂತಿದ್ದಾಳಂತೆ. ಬಸ್ಸೇನೋ ಬರುತ್ತೆ, ಹೆದ್ದಾರಿ ತೆರೆದಿದೆ. ನಿಮ್ಮನೆ ಇರೋ ಮಿಲ್ ರಸ್ತೆ ಮಾತ್ರ ಮೊಣಕಾಲುದ್ದ ಮುಚ್ಚಿದೆ, ಕಾರು ಹೊರಡಲ್ಲ."

ಆರ್ಲೊ ಲಾರಿಯನ್ನು ಪಕ್ಕಕ್ಕೆ ನಿಲ್ಲಿಸಿದ. ಗಡಿಯಾರ ನೋಡಿದ: ನಾಲ್ಕು ಹತ್ತು, ಲೊರೇನಳ ಬಸ್ಸಿಗೆ ಇನ್ನು ಐವತ್ತು ನಿಮಿಷ. ಗಾಜಿನ ಆಚೆ ಹಿಮ ಯಾವ ಅವಸರವೂ ಇಲ್ಲದೆ, ಧಾರಾಳವಾಗಿ ಸುರಿಯುತ್ತಿತ್ತು. ಊರಿನಲ್ಲಿ ಹಿಮ ತಳ್ಳುವ ಲಾರಿಗಳು ಎರಡೇ. ಒಂದರಲ್ಲಿ ತಾನು, ಇನ್ನೊಂದರಲ್ಲಿ ಡೆಲ್ಬರ್ಟ್. ಅವನ ಹೆಗಲು ಮೆಲ್ಲಗೆ ಸಡಿಲವಾಯಿತು. ಸೀಟಿಗೆ ಒರಗಿ, ಫ್ಲಾಸ್ಕಿನ ಮುಚ್ಚಳ ತೆಗೆದು ಕಾಫಿ ಬಗ್ಗಿಸಿಕೊಂಡ.

"ಆರ್ಲೊ, ಇದೀಯಾ?" ಡೆಲ್ಬರ್ಟನ ದನಿಯಲ್ಲಿ ಈಗ ನಿಜವಾದ ಮರುಕವಿತ್ತು. "ನೋಡು, ನನಗೂ ಬೇಜಾರಾಗ್ತಿದೆ. ಅಪ್ಪನ ಸ್ಕೀ ಕೊಟ್ಟಿದ್ದೂ ತಪ್ಪೇ. ನಾನೀಗ ನಿಮ್ಮ ತಿರುವಿನಲ್ಲೇ ಇದೀನಿ. ಐದು ನಿಮಿಷದ ಕೆಲಸ, ನಿಮ್ಮ ರಸ್ತೆ ಮೊದಲು ತಳ್ಳಿಕೊಟ್ಟುಬಿಡ್ಲಾ?"

"ಬೇಡ," ಎಂದ ಆರ್ಲೊ.